ನಿದ್ದೆಯ ಲೆಕ್ಕ

ನಮ್ಮೂರಲ್ಲಿ ಸಂಜೆ ಹೊತ್ತು ಬಾಗಿಲು ಬಡಿಯುತ್ತಾ ನಿಂತವರನ್ನು ಕಂಡರೆ ಯಾರೋ ಪರಸ್ಥಳದವರು ಅಂದುಕೊಳ್ಳಬೇಡಿ. ಅವರಲ್ಲಿ ಅರ್ಧ ಜನ ಆಯಾ ಮನೆಯ ಯಜಮಾನರೇ. ಒಂದು ತಿಂಗಳು ಹೊರಗೆ ಮಲಗಿದರೆ ಸಾಕು, ಮನೆ ಅವರನ್ನು ನೆಂಟರ ಲೆಕ್ಕಕ್ಕೆ ಹಾಕಿಬಿಡುತ್ತದೆ. ಆಮೇಲೆ ಬೀದಿ ಬಾಗಿಲು ಅವರು ನೂಕಿದರೆ ತೆರೆಯುವುದಿಲ್ಲ, ಒಳಗಿನವರೇ ಬಂದು ತೆರೆಯಬೇಕು. ಅಡುಗೆಮನೆಯ ಹೊಸ್ತಿಲು ದಾಟಲಾಗುವುದಿಲ್ಲ, ಎತ್ತಿದ ಕಾಲು ಎತ್ತಿದ ಹಾಗೇ ನಿಲ್ಲುತ್ತದೆ. ಪೊರಕೆ, ಕೊಡ, ಬಕೆಟ್ಟು ಯಾವುದೂ ಅವರ ಕೈಗೆ ಏಳುವುದಿಲ್ಲ. ಒಳಗಿರುವ ನಮ್ಮ ಗತಿಯೂ ಅಷ್ಟೇ. ಮನೆಯೊಳಗೆ ನಿಂತು ಅವರಿಗೆ ಬೈಯಬೇಕು ಅಂತ ಬಾಯಿ ತೆರೆದರೂ "ಬರ್ರಿ, ಕಾಲಿಗೆ ನೀರು ತಗೊಳ್ರಿ" ಅಂತಲೇ ಹೊರಗೆ ಬರುತ್ತದೆ. ಮತ್ತೆ ಮನೆಯವರಾಗಬೇಕು ಅಂದರೆ ಎಷ್ಟು ದಿನ ಹೊರಗೆ ಮಲಗಿದ್ದರೋ ಅಷ್ಟು ದಿನ ಒಳಗೆ ಮಲಗಬೇಕು. ಅಷ್ಟು ತಾಳ್ಮೆ ಯಾರಿಗಿದೆ?

ಇದನ್ನು ಶಿಕ್ಷೆ ಅಂತ ತಿಳಿದರೆ ನಿಮಗೆ ನಮ್ಮೂರ ಗಂಡಸರು ಗೊತ್ತಿಲ್ಲ ಅಂತ ಅರ್ಥ. ಪಕ್ಕದ ಮನೆ ನಾಗವೇಣಕ್ಕನ ಗಂಡ ಬೇಕಂತಲೇ ಒಂದು ತಿಂಗಳು ಅಕ್ಕಿ ಗಿರಣಿಯಲ್ಲಿ ಚೀಲದ ಮೇಲೆ ಮಲಗಿದ್ದ. ತಿಂಗಳು ತುಂಬಿದ ದಿನ ಕೈಯಲ್ಲೊಂದು ಖಾರದ ಪೊಟ್ಟಣ ಹಿಡಿದುಕೊಂಡು ಬಂದು ತನ್ನ ಮನೆ ಬಾಗಿಲನ್ನೇ ತಟ್ಟಿದ. ಈಗ ದಿನಾ ಗಿರಣಿಯಲ್ಲಿ ಮಲಗುತ್ತಾನೆ, ದಿನಾ ಬಂದು ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಾನೆ. ಎದೆ ಉರಿಯುತ್ತದೆ ಕಣೇ ಹಾಲಮ್ಮ, ಆದರೆ ಕೈ ತಾನೇ ಸಾಸರ್ ಇಡುತ್ತದೆ ಅಂತ ನಾಗವೇಣಕ್ಕ ನನ್ನ ಹತ್ತಿರ ಅಲವತ್ತುಕೊಳ್ಳುತ್ತಾಳೆ. ಹೆಂಗಸರಿಗೆ ಆ ಭಾಗ್ಯ ಸುಲಭಕ್ಕಿಲ್ಲ. ಬಾಣಂತನಕ್ಕೆ ತವರಿಗೆ ಹೋದ ಸೊಸೆಯನ್ನು ನಮ್ಮೂರ ಅತ್ತೆಯರು ತಿಂಗಳು ತುಂಬುವುದಕ್ಕೆ ಮುಂಚೆಯೇ ತೊಟ್ಟಿಲ ಸಮೇತ ಎಳೆದುಕೊಂಡು ಬರುತ್ತಾರೆ. ಮೊಮ್ಮಗನ ಮೇಲಿನ ಪ್ರೀತಿ ಅಂತ ಹೊರಗಿನವರು ಹೊಗಳುತ್ತಾರೆ.

ನಮ್ಮ ಮನೆಯವರು ಕೊಟ್ರಪ್ಪ, ಬೋರ್‌ವೆಲ್ ಗಾಡಿಯ ಮೇಲೆ ಕೆಲಸ. ಯಾವ ಊರಲ್ಲಿ ಕೊಳವೆ ಇಳಿಸುತ್ತಾರೋ ಅಲ್ಲೇ ಗಾಡಿಯ ಕೆಳಗೆ ಹಾಸಿಕೊಂಡು ಮಲಗುವುದು. ಮದುವೆಯಾದ ವರ್ಷವೇ ನೆಂಟರಾದರು. ಎಂಟು ಹತ್ತು ವಾರಕ್ಕೊಮ್ಮೆ ಬಂದರೆ ಒಳ್ಳೆ ಚಾಪೆ, ಮೊದಲ ಎಲೆ, ಎರಡು ಸಲ ತುಪ್ಪ. ಅವರಿನ್ನು ಮನೆಯವರಾಗಬೇಕು ಅಂದರೆ ಇಪ್ಪತ್ತು ವರ್ಷ ಮನೆಯಲ್ಲಿ ಮಲಗಬೇಕು. ಅಷ್ಟರೊಳಗೆ ಪೊರಕೆ ಹಿಡಿಯುವ ಶಕ್ತಿ ಉಳಿದಿರಬೇಕಲ್ಲ.

ಹೀಗಾಗಿ ಮನೆಯೊಳಗಿನವರು ಅಂತ ಇದ್ದದ್ದು ನಾವಿಬ್ಬರೇ, ನಾನು ಮತ್ತು ನನ್ನ ಮಗಳು ದಾಕ್ಷಾಯಿಣಿ. ನಾನು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತೇನೆ. ಅವಳು ಸಣ್ಣವಳಿದ್ದಾಗಿನಿಂದ ಒಲೆಯ ಪಕ್ಕ ಒಂದು ಮಣೆ ಹಾಕಿಕೊಂಡು ಕೂರುತ್ತಿದ್ದಳು. ಸುಟ್ಟ ರೊಟ್ಟಿಯನ್ನು ಬುಟ್ಟಿಗೆ ಹಾಕುತ್ತಾ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳುತ್ತಿದ್ದಳು. ಯಾವ ಟೀಚರಿನ ಸೀರೆ ಹೊಸದು, ಯಾರಿಗೆ ಯಾರ ಮೇಲೆ ಕೋಪ, ತನಗೆ ಯಾವುದರ ಭಯ. ನಾನೂ ಅಷ್ಟೇ, ಗಂಡನಿಗೆ ಹೇಳಲಾಗದ್ದನ್ನೆಲ್ಲ ಅವಳಿಗೆ ಹೇಳುತ್ತಿದ್ದೆ. ನೆಂಟರಿಗೆ ಕಷ್ಟ ಹೇಳಿಕೊಳ್ಳುವುದು ಉಂಟೇ? ಒಲೆಯ ಮುಂದೆ ಆಡಿದ ಮಾತು ಪಡಸಾಲೆಯಲ್ಲಿ ಬರುವುದಿಲ್ಲ.

ಪಿಯುಸಿ ಮುಗಿದ ಮೇಲೆ ಅವಳಿಗೆ ಬಿಎಸ್ಸಿಗೆ ಸೀಟು ಸಿಕ್ಕಿತು. ಕಾಲೇಜು ಇರುವುದು ಇಲ್ಲಿಂದ ಬಸ್ಸಿನಲ್ಲಿ ಮೂರು ತಾಸಿನ ಊರಲ್ಲಿ. ನಮ್ಮ ಬೀದಿಗೆ ಹದಿನೈದು ದಿನ ಬೇರೆ ಕೆಲಸ ಇರಲಿಲ್ಲ. ಓಡಾಡುವುದೋ, ಅಲ್ಲೇ ರೂಮು ಮಾಡುವುದೋ? ಓಡಾಡಿದರೆ ದಿನಕ್ಕೆ ಆರು ತಾಸು ಬಸ್ಸಿನ ಪಾಲು. ರೂಮು ಮಾಡಿದರೆ ತಿಂಗಳು ತುಂಬುವಷ್ಟರಲ್ಲಿ ನೆಂಟಳು, ಮೂರು ವರ್ಷದ ಓದಿಗೆ ಮೂರು ವರ್ಷ ಬಂದು ಮಲಗಬೇಕು. ಓದಿದ ಹುಡುಗಿ ಸುಮ್ಮನೆ ಮಲಗುವುದಕ್ಕೆ ಅಂತ ಮೂರು ವರ್ಷ ಮನೆಗೆ ಬಂದಾಳೆಯೇ? ನಾಗವೇಣಕ್ಕ ತನ್ನ ತಂಗಿ ಮಗನ ಕಥೆ ತೆಗೆದಳು. ಅವನು ರೂಮು ಮಾಡಿದ ವರ್ಷ ಯುಗಾದಿಗೆ ಬಂದನಂತೆ, ಕಾಲು ಮಡಚಿ ಮರ್ಯಾದೆಯಿಂದ ಕೂತನಂತೆ, ಒಂದೇ ಒಂದು ಹೋಳಿಗೆ ತಿಂದು ಸಾಕು ಅಂದನಂತೆ. ಮನೆ ಮಗ ಎಲ್ಲಾದರೂ ಒಂದು ಹೋಳಿಗೆಗೆ ಸಾಕು ಅಂತಾನೇನೇ ಅಂತ ಕೇಳಿ ಸೆರಗಲ್ಲಿ ಮೂಗು ಒರೆಸಿಕೊಂಡಳು. ನಾನು ಎದ್ದು ಹೋಗಿ ಒಲೆಯ ಪಕ್ಕದ ಮಣೆ ನೋಡಿಕೊಂಡು ಬಂದೆ.

ಅದೇ ವಾರ ನಮ್ಮವರು ಬಂದರು. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಹೇಳಲೋ ಬೇಡವೋ ಅಂತ ನೆಲ ನೋಡುತ್ತಾ ಒಂದು ಮಾತು ಹೇಳಿದರು. "ಮಗು ಬಸ್ಸಿನಾಗ ಸವೆದು ಹೋಗ್ತದೆ. ರೂಮು ಮಾಡಿಕೊಡು ಹಾಲಮ್ಮ." ನಿಮಗೇನು ಗೊತ್ತು ಮನೆ ವಿಷಯ ಅಂತ ಕೇಳಬೇಕು ಅನ್ನಿಸಿತು. ಬಾಯಿ ಮಾತ್ರ, ತಾವು ಹೇಳೋದು ಸರಿ ಐತ್ರಿ, ಯೋಚನೆ ಮಾಡೋಣಂತೆ ಅಂದಿತು. ನೆಂಟರು ಕೊಟ್ಟ ಬುದ್ಧಿಗೆ ಎಲ್ಲರ ಮನೆಯಲ್ಲೂ ಇದೇ ಉತ್ತರ. ಮಾರನೆ ದಿನ ಅವರು ಗಾಡಿಗೆ ಹೋದರು, ಅವರ ಮಾತೂ ಅವರ ಹಿಂದೆಯೇ ಹೋಯಿತು.

ದಾಕ್ಷಿಯನ್ನು ಕೇಳಿದ್ದು ಎಲ್ಲರೂ ಹೇಳಿ ಮುಗಿಸಿದ ಮೇಲೆ. ಅವಳು ಮಣೆ ಮೇಲೆ ಕೂತು ರೊಟ್ಟಿ ಜೋಡಿಸುತ್ತಿದ್ದಳು. ತಲೆ ಎತ್ತದೆ, ಇಲ್ಲಿಂದಾನೇ ಹೋಗಿ ಬರ್ತೀನವ್ವ ಅಂದಳು. ಆಹಾ, ಹೆತ್ತರೆ ಇಂಥವಳನ್ನು ಹೆರಬೇಕು ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ.

ಕೋಳಿ ಕೂಗುವ ಮುಂಚೆ ಎದ್ದು ಮೊದಲ ಬಸ್ಸಿಗೆ ಹೋಗುವಳು, ದೀಪ ಹಚ್ಚಿದ ಮೇಲೆ ಬರುವಳು. ಆ ಬಸ್ಸು ನಮ್ಮೂರದೇ, ರಾತ್ರಿ ಇಲ್ಲೇ ಮಾರಿಗುಡಿ ಮುಂದೆ ನಿಲ್ಲುತ್ತದೆ. ಮೊದಲ ವಾರ ಮಣೆ ಮೇಲೆ ಕೂತು ಕಾಲೇಜಿನ ಕಥೆ ಹೇಳಿದಳು. ಲ್ಯಾಬಿನಲ್ಲಿ ಆಸಿಡ್ ಬಿದ್ದು ಯಾರದೋ ವೇಲಿನಲ್ಲಿ ಜಾಲರಿಯಂಥ ತೂತು ಬಿದ್ದದ್ದು, ಮೇಷ್ಟರೊಬ್ಬರು ಬೋರ್ಡಿನ ಜೊತೆಗಷ್ಟೇ ಮಾತಾಡುವುದು. ಆಮೇಲೆ ಆಮೇಲೆ ಓದು ಹೆಚ್ಚಾಯಿತು. ಉಂಡವಳೇ ಪುಸ್ತಕ ಹಿಡಿದು ಪಡಸಾಲೆಯಲ್ಲಿ ಕೂರುವಳು. ನಾನು ಮಲಗುವಾಗಲೂ ಅವಳ ದೀಪ ಉರಿಯುತ್ತಿತ್ತು, ಏಳುವಾಗಲೂ ಉರಿಯುತ್ತಿತ್ತು. ಕರೆಂಟು ಬಿಲ್ಲಿನ ವಿಷಯಕ್ಕೆ ಒಂದೆರಡು ಸಲ ಗೊಣಗಿದ್ದು ನಿಜ. ಮಿಕ್ಕಂತೆ, ಒಂದು ರಾತ್ರೀನೂ ಹೊರಗೆ ಮಲಗಿಲ್ಲ ನನ್ನ ಮಗಳು ಅಂತ ನಲ್ಲಿ ಮುಂದೆ ನಿಂತು ಜಂಬ ಕೊಚ್ಚಿಕೊಂಡಿದ್ದೂ ನಿಜ. ರೂಮು ಮಾಡಿಸಿದ ತಾಯಂದಿರು ಕೊಡ ತುಂಬುವ ಮುಂಚೆಯೇ ಎದ್ದು ಹೋಗುತ್ತಿದ್ದರು.

ಎರಡನೇ ತಿಂಗಳು ಹಿಡಿದಿತ್ತು. ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ನಮ್ಮವರು ಬರುವ ಹೊತ್ತಲ್ಲ, ಯಾರಪ್ಪಾ ಅಂತ ಹಿಟ್ಟಿನ ಕೈಯಲ್ಲೇ ಹೋಗಿ ತೆಗೆದೆ. ದಾಕ್ಷಿ ನಿಂತಿದ್ದಳು. ಬಾಗಿಲು ಬಿಗಿಯಾಗೈತಿ ಅಂತ ಏನೋ ಹೇಳಹೊರಟಳು. ಅಷ್ಟರಲ್ಲಿ ನನ್ನ ಬಾಯಿ ತೆರೆಯಿತು. "ಬರ್ರಿ ಬರ್ರಿ, ಕಾಲಿಗೆ ನೀರು ತಗೊಳ್ರಿ."

ಇಬ್ಬರೂ ಹಾಗೇ ನಿಂತುಬಿಟ್ಟೆವು. ಅವಳು ಚಪ್ಪಲಿ ಬಿಟ್ಟವಳೇ ನೆಟ್ಟಗೆ ಅಡುಗೆಮನೆ ಕಡೆ ಓಡಿದಳು. ಹೊಸ್ತಿಲ ಹತ್ತಿರ ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು. ಒಳಗೆ ಮಣೆ ಕಾಣುತ್ತಿತ್ತು, ಹಂಚಿನ ಮೇಲೆ ನನ್ನ ರೊಟ್ಟಿ ಹೊತ್ತುತ್ತಿತ್ತು. ಅವಳು ಇನ್ನೊಂದು ಕಾಲು ಎತ್ತಿ ನೋಡಿದಳು. ಆಮೇಲೆ ಮೆಲ್ಲಗೆ ಹಿಂದೆ ಸರಿದು ಅವರಪ್ಪ ಕೂರುವ ಕುರ್ಚಿಯ ತುದಿಯಲ್ಲಿ ಕೂತಳು. ನನಗೆ ಮನೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಂಬಕ್ಕೆ ಗುದ್ದಿದೆ. ಒಂದು ರಾತ್ರಿ ತಪ್ಪದೆ ನಿನ್ನ ಸೂರಿನ ಕೆಳಗೇ ಇದ್ದಾಳಲ್ಲೋ ಮುಟ್ಠಾಳ, ಕಣ್ಣು ಕುರುಡಾಯಿತಾ ನಿನಗೆ ಅಂತ ಬಾಯಿಗೆ ಬಂದಂತೆ ಬೈದೆ. ಮನೆಗೆ ಬೈಯುವುದಕ್ಕೆ ಅಡ್ಡಿಯಿಲ್ಲ. ಕೇಳಿಸಿಕೊಳ್ಳುವುದಿಲ್ಲ ಅಷ್ಟೇ.

ಕುರ್ಚಿಯಲ್ಲಿ ಕೂತವಳಿಗೆ ನನ್ನ ಕೈ ಚಹಾ ಕೊಟ್ಟಿತು, ಸಾಸರಿನಲ್ಲಿ. ಏನಾಯಿತೇ ನನ್ನ ಕಂದ ಅಂತ ಕೇಳಲು ಹೋದರೆ, ಆರಾಮೇನ್ರಿ, ಊಟ ಸೇರುತ್ತೇನ್ರಿ ಅಂತ ಬಂತು. ಅವಳು ನೆಂಟರು ಹೇಳುವ ಹಾಗೇ, ಹೂಂ ರಿ, ಎಲ್ಲ ಆರಾಮ ಅಂದಳು. ಅಂದವಳ ಕಣ್ಣಿಂದ ನೀರು ಸಾಸರಿಗೇ ಬಿತ್ತು. ನಾನು ಇನ್ನೊಂದು ಸ್ವಲ್ಪ ಚಹಾ ಹಾಕಲಾ ಅಂತ ಕೇಳಿದೆ. ಅಯ್ಯೋ, ನನ್ನ ಬಾಯಿಗಷ್ಟು.

ಅವಳು ಮುಖ ತೊಳೆಯಲು ಹಿತ್ತಲಿಗೆ ಹೋದಾಗ ನಾಗವೇಣಕ್ಕ ಜಗುಲಿ ಪಕ್ಕದ ಗೋಡೆ ಮೇಲಿಂದ ತಲೆ ಹಾಕಿದಳು. ನಾನು ಕಂಬಕ್ಕೆ ಬೈದದ್ದು ಅವಳಿಗೆ ಕೇಳಿತ್ತು. ಎಲ್ಲ ಕೇಳಿಕೊಂಡು ದನಿ ಇಳಿಸಿ ಒಂದು ಮಾತು ಅಂದಳು. "ಮಲಗೋದು ರಾತ್ರೀನೇ ಅಂತ ಯಾರು ಹೇಳಿದ್ರು ಹಾಲಮ್ಮ? ಹಗಲು ಹೊತ್ತಿನಾಗ ಎಲ್ಲಿ ಇರ್ತಾಳಂತ ಕೇಳಿದ್ಯಾ?"

ನಾವು ನಮ್ಮೂರವರು ಹುಟ್ಟಿದಾಗಿನಿಂದ ರಾತ್ರಿಗಳನ್ನೇ ಎಣಿಸಿದವರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಷ್ಟು ರಾತ್ರಿ ಒಳಗೆ, ಎಷ್ಟು ರಾತ್ರಿ ಹೊರಗೆ. ಹಗಲಿಗೂ ಒಂದು ಲೆಕ್ಕ ಇರಬಹುದು ಅಂತ ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ಏನೇನೋ ಹೊಳೆಯಿತು. ಆ ಊರಲ್ಲಿ ಯಾವುದೋ ಕೋಣೆ, ಯಾವನೋ ಹುಡುಗ, ಅವನ ಮೀಸೆ ಸಮೇತ ಕಣ್ಣ ಮುಂದೆ ಬಂತು. ಕೇಳೋಣ ಅಂದರೆ ಮನೆಯೊಳಗೆ ಬಾಯಿ ನನ್ನದಲ್ಲ. ಬೆಳಗ್ಗೆ ಅವಳು ಹೊರಟಾಗ, ಖಾನಾವಳಿಯವರು ಒಂದು ದಿನ ಅನ್ನ ತಿನ್ನಲಿ ಅಂದುಕೊಂಡು ನಾನೂ ಸೆರಗು ಬಿಗಿದು ಬಸ್ಸಿಗೆ ಹೊರಟೆ. ಬಸ್ಸಿನಲ್ಲಿ ಕೂತ ಮೇಲೆ ಕೇಳಿಯೇಬಿಡುವುದು ಅಂತ ನಿರ್ಧಾರ.

ಆ ಬಸ್ಸಿನ ಬಾಗಿಲು ಊರಿಗೇ ಪ್ರಸಿದ್ಧ. ಕಂಡಕ್ಟರ್ ದಾದಾಪೀರ್ ಭುಜ ಕೊಟ್ಟು ನೂಕಿದರೇ ತೆರೆಯುವುದು. ದಾಕ್ಷಿ ಮುಂದೆ ಹೋಗಿ ನಿಂತಳು, ಅದು ತಾನೇ ತೆರೆಯಿತು. ನಾನು ಹತ್ತುವಷ್ಟರಲ್ಲಿ ಪಟಾರನೆ ಮುಚ್ಚಿತು. ದಾದಾಪೀರ್ ಬಂದು ಒಳಗಿನಿಂದ ತೆಗೆದ. "ಬರ್ರಿ ತಾಯಿ, ಹುಷಾರು, ಇಲ್ಲಿ ಕುಂದ್ರಿ" ಅಂತ ತನ್ನ ಟವಲಿನಿಂದ ಮೊದಲ ಸೀಟು ಒರೆಸಿ ಕೂರಿಸಿದ. ನನ್ನ ಮಗಳ ಕಡೆ ತಿರುಗಿ, ಏನೇ ಇವತ್ತು ಲೇಟು ಅಂತ ಗದರಿದ.

ಮೂರನೇ ಕಿಟಕಿಯ ಸೀಟಿನಲ್ಲಿ ಮಡಚಿದ ಶಾಲೊಂದು ಕಾಯುತ್ತಿತ್ತು. ದಾಕ್ಷಿ ಕೂತಳು, ಶಾಲಿನ ಮೇಲೆ ತಲೆಯಿಟ್ಟಳು. ಹುಡುಗ ಯಾರೇ ಅಂತ ಕೇಳಲು ನಾನು ಎದ್ದು ಅವಳ ಹತ್ತಿರ ಹೋಗುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಬಸ್ಸು ಇನ್ನೂ ಹೊರಟೇ ಇರಲಿಲ್ಲ. ಹೊರಟ ಮೇಲೆ ನೋಡಬೇಕು ನೀವು. ಊರಿಗೆಲ್ಲ ಕಿವಿ ಕಿತ್ತುಹೋಗುವ ಹಾರನ್ನು ಆ ಬಸ್ಸಿನದು, ಅವತ್ತು ಕೆಮ್ಮಿದಷ್ಟೇ ಸದ್ದು ಮಾಡಿತು. ಹಂಪು ಬಂದರೆ ಗರ್ಭಿಣಿ ನಡೆದ ಹಾಗೆ ಹತ್ತಿ ಇಳಿಯಿತು. ಹಿಂದಿನ ಸೀಟಿನ ಮುದುಕರೊಬ್ಬರು ಮೊಬೈಲಿನಲ್ಲಿ ಭಜನೆ ಹಾಕಿದ್ದಕ್ಕೆ ಪಕ್ಕದವರು, ಶ್, ಹುಡುಗಿ ಮಲಗೈತಿ ಅಂದರು. ಮುದುಕರು ತಪ್ಪು ಮಾಡಿದವರ ಹಾಗೆ ಭಜನೆ ನಿಲ್ಲಿಸಿದರು. ಮಗಳ ಬಾಯಿ ಸ್ವಲ್ಪ ತೆರೆದಿತ್ತು, ಚಿಕ್ಕವಳಿದ್ದಾಗಿನ ಹಾಗೇ. ಈ ಮುಖ ನೋಡಿ ಎಷ್ಟು ದಿನ ಆಯಿತು ಅಂತ ಲೆಕ್ಕ ಹಾಕಿದೆ, ಸಿಗಲಿಲ್ಲ.

ಕಾಲೇಜಿನ ಊರು ಹತ್ತಿರವಾದಾಗ ಯಾರೂ ಎಬ್ಬಿಸದೆ ತಾನೇ ಎದ್ದಳು. ಜನ ಇಳಿದರು. ಅವಳು ಹಿಂದಿನ ಸೀಟಿನ ಅಡಿಗೆ ಕೈ ಹಾಕಿ ಪೊರಕೆ ತೆಗೆದಳು. ನೆಂಟರ ಕೈಗೆ ಏಳದ ಪೊರಕೆ ಇಲ್ಲಿ ಅವಳ ಕೈಗೆ ಹೂವಿನ ಕಡ್ಡಿಯ ಹಾಗೆ ಎದ್ದಿತು. ಕಡಲೆಕಾಯಿ ಸಿಪ್ಪೆ, ಹರಿದ ಟಿಕೆಟ್ಟು ಎಲ್ಲ ಗುಡಿಸಿ ಬಾಗಿಲ ಹೊರಗೆ ಹಾಕಿದಳು. ನನಗೆ ರೇಗಿಹೋಯಿತು. ನನ್ನ ಮಗಳನ್ನು ಓದಲು ಕಳಿಸಿದ್ದೋ, ಬಸ್ಸು ಗುಡಿಸಲು ಕಳಿಸಿದ್ದೋ ಅಂತ ದಾದಾಪೀರನ ಮೇಲೆ ಎಗರಿ ಬಿದ್ದೆ.

"ನಾನೇನೂ ಹೇಳಿಲ್ಲ ತಾಯಿ," ಅಂದ ಅವನು. "ಮನೆಯವರಿಗೆ ಯಾರಾದ್ರೂ ಹೇಳಬೇಕಾ? ಓದೋದು ನಿಮ್ಮಲ್ಲಿ, ಮಲಗೋದು ಇಲ್ಲಿ. ಹೋಗ್ತಾ ಮೂರು ತಾಸು, ಬರ್ತಾ ಮೂರು ತಾಸು. ಬಸ್ಸು ಇವಳನ್ನ ತನ್ನವಳು ಅಂದ್ಕೊಂಡೈತಿ."

ಹುಡುಗನೂ ಇಲ್ಲ, ಕೋಣೆಯೂ ಇಲ್ಲ. ಸಮಾಧಾನ ಆಗಬೇಕಿತ್ತು. ಆದರೆ ಒಂದು ಗಳಿಗೆ, ಹುಡುಗ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಹುಡುಗನಿಗಾದರೆ ಬೈಯಬಹುದಿತ್ತು. ಇಷ್ಟು ಮೆಲ್ಲಗೆ ಹಂಪು ಇಳಿಯುವ ಬಸ್ಸಿಗೆ ಏನಂತ ಬೈಯುವುದು? ನನ್ನ ಮನೆಯಲ್ಲಿ ನನ್ನ ಮಗಳು ಒಂದು ತಿಂಗಳಿಂದ ನಿದ್ದೆಯನ್ನೇ ಮಾಡಿರಲಿಲ್ಲ. ಅದು ನನಗಿಂತ ಮುಂಚೆ ಗೋಡೆಗೆ ಗೊತ್ತಾಗಿತ್ತು. ನಾನು ನೋಡಿದ್ದು ಕರೆಂಟು ಬಿಲ್ಲನ್ನು.

ಕಾಲೇಜಿನ ಗೇಟಿನ ಎದುರು ಒಂದು ಸಣ್ಣ ಮೋರಿ ಕಟ್ಟೆ ಇದೆ. ಅಲ್ಲಿ ಇಬ್ಬರೂ ಕೂತೆವು. ಬೀದಿಯಲ್ಲಿ ನನ್ನ ಬಾಯಿ ನನ್ನದೇ. ಯಾಕೆ ಹೇಳಲಿಲ್ಲ ನನಗೆ ಅಂತ ಕೇಳಿದೆ. ಅವಳು ಬ್ಯಾಗಿನ ಜಿಪ್ಪು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದಳು.

"ಹೇಳಿದ್ರೆ ರೂಮು ಮಾಡು ಅಂತಿದ್ದಿ. ಆಮೇಲೆ ನೀನು ರೊಟ್ಟಿ ಬಡಿವಾಗ ಹತ್ರ ಕುಂದ್ರೋರು ಯಾರವ್ವ?"

ನನಗೆ ಅಳು ತಡೆಯಲಾಗಲಿಲ್ಲ. ಹಾದುಹೋಗುವ ಹುಡುಗ ಹುಡುಗಿಯರೆಲ್ಲ ನೋಡಿದರು, ನೋಡಲಿ. ಇವಳು ನನಗಾಗಿ ಮನೆಯವಳಾಗಿ ಉಳಿಯಲು ಹೋಗಿ ನೆಂಟಳಾದಳು. ನಾನು ಇವಳು ನೆಂಟಳಾಗಬಾರದು ಅಂತ ಹೋಗಿ ಬಸ್ಸಿಗೆ ಮಗಳನ್ನು ಕೊಟ್ಟೆ. ಇಬ್ಬರೂ ಸೇರಿ ಎಂಥ ಜಾಣತನ ಮಾಡಿದ್ದೆವು ಅಂತ ನೆನೆದು ಅಳುವಿನ ನಡುವೆಯೇ ನಗು ಬಂತು. ಮೂಗು ಒರೆಸಿಕೊಂಡು ಹೇಳಿದೆ. "ಹೆಂಗೂ ನೆಂಟಳಾದಿ. ನೆಂಟಳೇ ಆಗೋದಾದ್ರೆ ಕಾಲು ಚಾಚಿ ಮಲಗಿ ಆಗು. ಏಳು, ರೂಮು ನೋಡೋಣ."

ಹಿಟ್ಟಿನ ಗಿರಣಿಯ ಹಿಂದೆ ಒಂದು ಕೋಣೆ ಸಿಕ್ಕಿತು. ಒಂದೇ ಕೋಣೆ, ಮೂಲೆಯಲ್ಲಿ ಸ್ಟೌ ಇಡುವ ಕಟ್ಟೆ, ಕಿಟಕಿಯ ಹೊರಗೆ ಬೇವಿನ ಮರ. ನಾನೇ ಗುಡಿಸಿ ಒರೆಸಿ ಕೊಟ್ಟೆ. ಮರುದಿನ ನಮ್ಮೂರ ಬಸ್ಸಿನ ಬಾಗಿಲು ದಾದಾಪೀರ್ ಎಷ್ಟು ನೂಕಿದರೂ ಬಹಳ ಹೊತ್ತು ತೆರೆಯಲಿಲ್ಲವಂತೆ. ಮುನಿಸಿಕೊಂಡೈತಿ ತಾಯಿ, ಸರಿ ಹೋಗ್ತದೆ ಅಂದ. ಮುಂದಿನ ಸಲ ನಮ್ಮವರು ಬಂದಾಗ ಹೀಗೆ ಹೀಗಾಯಿತು ಅಂತ ಒಪ್ಪಿಸಿದೆ. ನಾನು ಮೊದಲೇ ಹೇಳಿದ್ದೆ ಅಂತ ಅನ್ನಬಹುದಿತ್ತು. ಅವರು ಅನ್ನಲಿಲ್ಲ. ನೆಂಟರಾಗಿರುವುದರಿಂದ ಅಷ್ಟು ಮರ್ಯಾದೆ ಉಂಟು ಅವರಿಗೆ.

ಮಗಳು ಹೋದ ಮೇಲೆ ಅಡುಗೆಮನೆ ಅಂದರೆ ಬರೀ ರೊಟ್ಟಿಯ ಸದ್ದು. ಮಣೆ ಎದುರಿಗೇ ಇರುತ್ತಿತ್ತು. ಅದಕ್ಕೇ ಎರಡು ಮಾತು ಆಡಿ ನೋಡಿದೆ, ಆಗಲಿಲ್ಲ. ದಾಕ್ಷಿ ಎರಡು ಸಲ ಮನೆಗೆ ಬಂದಳು. ಕುರ್ಚಿ, ಸಾಸರು, ಆರಾಮೇನ್ರಿ, ಆರಾಮ ರಿ. ಎರಡನೇ ಸಲ ಅವಳೂ ಒಂದು ಹೋಳಿಗೆಗೆ ಸಾಕು ಅಂದಳು. ಅವಳನ್ನು ಬಸ್ಸಿಗೆ ಹತ್ತಿಸಿ ಬಂದವಳು ಸೀದಾ ಅಡುಗೆಮನೆಗೆ ಹೋಗಿ ಮಣೆ ಎತ್ತಿ ಚೀಲಕ್ಕೆ ಹಾಕಿದೆ. ಮುಂದಿನ ಭಾನುವಾರ ಮಣೆ, ಹತ್ತು ರೊಟ್ಟಿ, ಶೇಂಗಾ ಚಟ್ನಿ ಹೊತ್ತುಕೊಂಡು ಅವಳ ಕೋಣೆಗೆ ಹೋದೆ.

ಆ ಊರಿಗೆ ನಮ್ಮೂರ ಕಟ್ಟಳೆ ಇಲ್ಲ. ಬಾಗಿಲು ಯಾರು ನೂಕಿದರೂ ತೆರೆಯುತ್ತದೆ. ಆದರೂ ನಾನು ಹೊರಗೇ ನಿಂತು ತಟ್ಟಿದೆ, ಅಭ್ಯಾಸಬಲ. ದಾಕ್ಷಿ ತೆರೆದಳು. ಕೆನ್ನೆ ತುಂಬಿಕೊಂಡಿತ್ತು, ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು. ಬಾರವ್ವ ಅಂದಳು. ಮಣೆ ನೋಡಿ ನಕ್ಕಳು, ಸ್ಟೌವಿನ ಪಕ್ಕದಲ್ಲೇ ಹಾಕಿದಳು. ಒಂದೇ ಕೋಣೆಗೆ ಅಡುಗೆಮನೆಯ ಹೊಸ್ತಿಲು ಎಲ್ಲಿಂದ ಬರಬೇಕು? ಚಹಾಕ್ಕೆ ಇಡಲು ನಾನು ಎದ್ದೆ. ಅವಳು ನನ್ನ ಭುಜ ಹಿಡಿದು ಮಣೆ ಮೇಲೆ ಕೂರಿಸಿ ತಾನೇ ಪಾತ್ರೆ ಇಟ್ಟಳು. ನಾನು ಕುಡಿದ ಲೋಟ ತೊಳೆಯಬಹುದಿತ್ತು, ಯಾವ ಕಟ್ಟಳೆಯೂ ನನ್ನ ಕೈ ಹಿಡಿದಿರಲಿಲ್ಲ. ತೊಳೆಯಲಿಲ್ಲ. ಸುಮ್ಮನೆ ಕೂತೆ. ಇಷ್ಟು ವರ್ಷ ಊರ ಗಂಡಸರು ಏನು ಸುಖ ಅನುಭವಿಸುತ್ತಿದ್ದರು ಅಂತ ಅವತ್ತು ತಿಳಿಯಿತು. ಕಳ್ಳ ನನ್ನ ಮಕ್ಕಳು.

ಅವಳು ಲೋಟ ತೊಳೆಯುತ್ತಾ ಬೆನ್ನು ಹಾಕಿಕೊಂಡೇ ಕೇಳಿದಳು. "ನಿನಗೆ ನಿದ್ದಿ ಬರ್ತದೇನವ್ವ?"

ಹೂಂ ಎಲ್ಲ ಆರಾಮ ಅಂತ ನಾಲಿಗೆ ತುದಿಗೆ ಬಂದಿತ್ತು. ಸ್ಟೌ ಪಕ್ಕದಲ್ಲಿತ್ತು, ಮಣೆ ಅಡಿಯಲ್ಲಿತ್ತು, ಸುಳ್ಳು ಹೊರಡಲಿಲ್ಲ. ನೀನು ಹೋದಾಗಿನಿಂದ ಒಂದು ದಿನವೂ ಸರಿಯಾಗಿ ಬಂದಿಲ್ಲ ಕಣೇ ಅಂದೆ. ಅವಳು ಚಾಪೆ ಬಿಡಿಸಿದಳು, ಕಿಟಕಿ ಅರ್ಧ ಮುಚ್ಚಿದಳು. ಬಸ್ಸು ಹೊರಡುವ ಹೊತ್ತಿಗೆ ಎಬ್ಬಿಸ್ತೀನಿ ಅಂದಳು. ಬೇವಿನ ಮರದ ನೆರಳು, ಗಿರಣಿಯ ಸದ್ದು, ಪಕ್ಕದಲ್ಲಿ ಅವಳು ಪುಟ ತಿರುಗಿಸುವ ಸದ್ದು. ಆಮೇಲೆ ನನಗೆ ಏನೂ ಗೊತ್ತಿಲ್ಲ.

ಈಗ ಪ್ರತಿ ಭಾನುವಾರ ಹೋಗುತ್ತೇನೆ, ಮಧ್ಯಾಹ್ನ ಕೊರಡಿನ ಹಾಗೆ ಮಲಗುತ್ತೇನೆ. ವಾರಕ್ಕೆಲ್ಲ ನನಗಿರುವ ನಿದ್ದೆ ಅದೊಂದೇ. ಮನೆಯಲ್ಲಿ ಸೂರು ನೋಡುತ್ತಾ ಬಿದ್ದಿರುತ್ತೇನೆ. ಮನೆಗೆ ಅದು ತಿಳಿಯದೆ ಇರುತ್ತದೆಯೇ? ಮೊನ್ನೆ ವಾಪಸ್ಸು ಬಂದು ಬಾಗಿಲು ನೂಕಿದರೆ ತೆರೆಯಲಿಲ್ಲ. ಇನ್ನೊಮ್ಮೆ ನೂಕಲಿಲ್ಲ ನಾನು. ಚೀಲ ಕೆಳಗಿಟ್ಟು, ಜಗುಲಿ ಮೇಲೆ ಕಾಲು ಚಾಚಿ ಕೂತೆ. ನಾನೂ ನೆಂಟಳಾದರೆ ಒಳಗಿನಿಂದ ಬಂದು ಬಾಗಿಲು ತೆರೆಯುವವರು ಯಾರು, ಬರ್ರಿ ಅನ್ನುವವರು ಯಾರು ಅಂತ ಆ ಮನೆಯೇ ಯೋಚನೆ ಮಾಡಲಿ ಅಂತ. ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟರಲ್ಲಿ ನನ್ನ ಬೆನ್ನ ಹಿಂದೆ ಬಾಗಿಲು ತಾನೇ ತೆರೆದುಕೊಂಡಿತು.